ಮೂರು ಬಣ್ಣಗಳ ಗುಟ್ಟು ಬಿಡಿಸಿದ ಮ್ಯಾಕ್ಸ್‌ವೆಲ್

ಮಕ್ಕಳೇ, ನಿಮ್ಮ ಶಾಲೆಯ ವಾರ್ಷಿಕೋತ್ಸವದ ರಾತ್ರಿ ಮೊಬೈಲ್ ಫೋನಿನಲ್ಲಿ ಒಂದು ಫೋಟೊ ತೆಗೆದಿದ್ದಾರೆ ಎಂದುಕೊಳ್ಳಿ. ಬಲ್ಬಿನ ಬೆಳಕಿಗೆ ಬಿಳಿ ಅಂಗಿಗಳೆಲ್ಲ ಹಳದಿಯಾಗಿ ಕಾಣುತ್ತಿವೆ. ಹಿಂದಿನ ಸಾಲಿನಲ್ಲಿ ನಿಂತವರ ಮುಖದ ಮೇಲೆ ಕತ್ತಲು. ಮುಂದಿನ ಸಾಲಿನ ಹುಡುಗಿಯ ಕಣ್ಣುಗಳು ಕೆಂಡದಂತೆ ಕೆಂಪು! ಆಗ ಯಾರೋ ಒಬ್ಬರು ಫೋನಿನ ಪರದೆಯ ಮೇಲೆ ಅಲ್ಲಿ ಇಲ್ಲಿ ಬೆರಳಾಡಿಸುತ್ತಾರೆ. ಒಂದೇ ನಿಮಿಷದಲ್ಲಿ ಹಳದಿ ಅಂಗಿ ಬಿಳಿಯಾಗುತ್ತದೆ, ಕತ್ತಲಲ್ಲಿದ್ದ ಮುಖಗಳು ಕಾಣಿಸುತ್ತವೆ, ಕೆಂಪು ಕಣ್ಣು ಕಪ್ಪಾಗುತ್ತದೆ.

ಇದು ಹೇಗೆ ಸಾಧ್ಯವಾಯಿತು? ಫೋನಿನೊಳಗೆ ಬಣ್ಣದ ಡಬ್ಬಿಗಳಿಲ್ಲ, ಕುಂಚವೂ ಇಲ್ಲ. ಇರುವುದು ಬರೀ ಅಂಕಿಗಳು. ಬಣ್ಣವನ್ನು ಅಂಕಿಗಳಲ್ಲಿ ಹೇಳಬಹುದು ಎಂದು ಪ್ರಯೋಗ ಮಾಡಿ ತೋರಿಸಿದವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಕಂಪ್ಯೂಟರಾಗಲಿ, ಡಿಜಿಟಲ್ ಕ್ಯಾಮೆರಾ ಆಗಲಿ ಬರುವುದಕ್ಕೆ ಎಷ್ಟೋ ಮೊದಲೇ, 1879ರಲ್ಲಿ, ಅವರು ತೀರಿಕೊಂಡರು. ಆದರೂ ನೀವು ಫೋಟೊ ತಿದ್ದುವಾಗಲೆಲ್ಲ ಅವರ ಲೆಕ್ಕವೇ ಕೆಲಸ ಮಾಡುತ್ತದೆ. ಬನ್ನಿ, ಅವರ ಕಥೆ ಕೇಳೋಣ. ಕಥೆಯ ಜೊತೆಗೇ ಫೋಟೊ ತಿದ್ದುವ ಕೆಲವು ಉಪಾಯಗಳನ್ನೂ ಕಲಿಯೋಣ.

ಕಲ್ಲು ನೀಲಿ ಎಂದು ಗೊತ್ತಾಗುವುದು ಹೇಗೆ?

ಮ್ಯಾಕ್ಸ್‌ವೆಲ್ ಹುಟ್ಟಿದ್ದು 1831ರ ಜೂನ್ 13ರಂದು, ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ. ಬೆಳೆದದ್ದು ಮಾತ್ರ ಗ್ಲೆನ್ಲೇರ್ ಎಂಬ ಹಳ್ಳಿಗಾಡಿನ ಮನೆಯಲ್ಲಿ. ಸುತ್ತಲೂ ಹೊಲ, ಹಳ್ಳ, ಕಲ್ಲುಗುಡ್ಡ. ತಂದೆ ಜಾನ್, ತಾಯಿ ಫ್ರಾನ್ಸಿಸ್. ಒಬ್ಬನೇ ಮಗ.

ಜೇಮ್ಸನಿಗೆ ಮೂರು ವರ್ಷ ತುಂಬುವ ಮೊದಲೇ ಒಂದು ತವರದ ತಟ್ಟೆ ಆಟಕ್ಕೆ ಸಿಕ್ಕಿತು. ಅದನ್ನು ಬಿಸಿಲಿಗೆ ಹಿಡಿದರೆ ಸೂರ್ಯನ ಬೆಳಕು ಕೋಣೆಯೊಳಗೆಲ್ಲ ಕುಣಿಯುತ್ತಿತ್ತು. ಸೂರ್ಯನನ್ನೇ ಮನೆಯೊಳಗೆ ತಂದೆನೆಂದು ಅವನಿಗೆ ಹಿಗ್ಗೋ ಹಿಗ್ಗು. ಕನ್ನಡಿಯಿಂದ ಗೋಡೆಯ ಮೇಲೆ ಬಿಸಿಲು ಬಿಟ್ಟು ನೀವೂ ಆಡಿದ್ದೀರಲ್ಲವೇ?

ಯಾವ ವಸ್ತು ಕಂಡರೂ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಅವನು ಕೇಳುತ್ತಿದ್ದ. ಯಾರಾದರೂ ಹಾರಿಕೆಯ ಉತ್ತರ ಕೊಟ್ಟರೆ ಬಿಡುತ್ತಿರಲಿಲ್ಲ. ಒಮ್ಮೆ ಒಬ್ಬರು ಎರಡು ಕಲ್ಲುಗಳನ್ನು ತೋರಿಸಿ, ಇದು ಕೆಂಪು, ಅದು ನೀಲಿ ಎಂದು ಹೇಳಿಕೊಟ್ಟರು. ಅದು ನೀಲಿ ಎಂದು ನಿಮಗೆ ಗೊತ್ತಾದದ್ದು ಹೇಗೆ ಎಂದು ಹುಡುಗ ಕೇಳಿಯೇಬಿಟ್ಟ! ನಗಬೇಡಿ. ಇದು ತುಂಬಾ ಕಷ್ಟದ ಪ್ರಶ್ನೆ. ನಾನು ನೀಲಿ ಎನ್ನುವುದೂ ನೀವು ನೀಲಿ ಎನ್ನುವುದೂ ಒಂದೇ ಎಂದು ಅಳೆದು ನೋಡಿದವರು ಯಾರು? ಮುಂದೆ ಇದಕ್ಕೆ ಉತ್ತರ ಹುಡುಕಿದವನು ಆ ಹುಡುಗನೇ.

1839ರಲ್ಲಿ ಎರಡು ಸಂಗತಿಗಳು ನಡೆದವು. ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ ಡಾಗೆರ್ ಎಂಬಾತ ಕಂಡುಹಿಡಿದಿದ್ದ ಛಾಯಾಚಿತ್ರದ ವಿಧಾನವನ್ನು ಜಗತ್ತಿಗೆ ತಿಳಿಸಲಾಯಿತು. ಡಿಸೆಂಬರ್ ತಿಂಗಳಲ್ಲಿ ಗ್ಲೆನ್ಲೇರ್ ಮನೆಯಲ್ಲಿ ಎಂಟು ವರ್ಷದ ಜೇಮ್ಸ್ ತನ್ನ ತಾಯಿಯನ್ನು ಕಳೆದುಕೊಂಡ. ಹೊಟ್ಟೆಯ ಕ್ಯಾನ್ಸರ್ ಅವರ ಪ್ರಾಣ ತೆಗೆದಿತ್ತು. ಅದುವರೆಗೆ ಅವನಿಗೆ ಪಾಠ ಹೇಳಿಕೊಡುತ್ತಿದ್ದವರು ತಾಯಿಯೇ.

ಹಳ್ಳಿಯ ಹುಡುಗ ನಗರದ ಶಾಲೆಗೆ

ಮನೆಗೆ ಬಂದ ಮೇಷ್ಟ್ರು ಜೇಮ್ಸನನ್ನು ಮಂದಬುದ್ಧಿಯವನೆಂದು ತಿಳಿದು ಹೊಡೆಯುತ್ತಿದ್ದರು. ಕೊನೆಗೆ 1841ರಲ್ಲಿ ತಂದೆ ಅವನನ್ನು ಎಡಿನ್‌ಬರೊದ ಶಾಲೆಗೆ ಸೇರಿಸಿದರು. ಅಲ್ಲಿ ಸೋದರತ್ತೆಯ ಮನೆಯಲ್ಲಿ ವಾಸ. ತಂದೆಯೇ ಯೋಚಿಸಿ ಮಾಡಿಸಿದ್ದ ಅಗಲ ಮೂತಿಯ ಬೂಟು, ಸಡಿಲ ಅಂಗಿ ಹಾಕಿಕೊಂಡು ಅವನು ಮೊದಲ ದಿನ ಶಾಲೆಗೆ ಹೋದ. ಮಾತೂ ಹಳ್ಳಿಯ ಮಾತು. ತರಗತಿಯ ಹುಡುಗರು ಅವನನ್ನು ಸುತ್ತುವರಿದು ಗೇಲಿ ಮಾಡಿದರು. ಸಂಜೆ ಮನೆಗೆ ಬಂದಾಗ ಅಂಗಿ ಹರಿದಿತ್ತು. ಪೆದ್ದ ಎಂಬ ಅರ್ಥದ ಅಡ್ಡಹೆಸರೊಂದು ಎಷ್ಟೋ ಕಾಲ ಅವನಿಗೆ ಅಂಟಿಕೊಂಡಿತು.

ಜೇಮ್ಸ್ ಜಗಳವಾಡುತ್ತಾ ಕೂರಲಿಲ್ಲ. ಚಿತ್ರ ಬರೆದ, ರಟ್ಟಿನಿಂದ ಘನಾಕೃತಿಗಳನ್ನು ಮಾಡಿದ. ಸೋದರತ್ತೆಯ ಮಗಳು ಜೆಮೈಮಾ ಒಳ್ಳೆಯ ಚಿತ್ರಗಾರ್ತಿ. ಜೇಮ್ಸನ ಬಾಲ್ಯದ ಎಷ್ಟೋ ದೃಶ್ಯಗಳು ನಮಗೆ ಇಂದು ತಿಳಿದಿರುವುದು ಅವಳು ಬರೆದ ಚಿತ್ರಗಳಿಂದ. ಹದಿನಾಲ್ಕನೆಯ ವಯಸ್ಸಿನಲ್ಲಿ ಜೇಮ್ಸ್ ಗುಂಡುಸೂಜಿ ಮತ್ತು ದಾರದಿಂದ ಮೊಟ್ಟೆಯಾಕಾರದ ರೇಖೆಗಳನ್ನು ಎಳೆಯುವ ಹೊಸ ವಿಧಾನ ಕಂಡುಕೊಂಡ. 1846ರಲ್ಲಿ ಎಡಿನ್‌ಬರೊದ ವಿದ್ವಾಂಸರ ಸಭೆಯಲ್ಲಿ ಅದನ್ನು ಮಂಡಿಸಲಾಯಿತು. ಹುಡುಗ ತೀರಾ ಚಿಕ್ಕವನೆಂದು ಅವನ ಪರವಾಗಿ ಪ್ರಾಧ್ಯಾಪಕ ಫೋರ್ಬ್ಸ್ ಸಭೆಯ ಮುಂದೆ ಮಾತನಾಡಿದರು. ಪೆದ್ದ ಎಂದು ಕರೆದವರು ಈಗ ಏನೆನ್ನಬೇಕು!

ಮರು ವರ್ಷ ಸೋದರಮಾವ ಅವನನ್ನು ನಿಕೋಲ್ ಎಂಬ ವಿಜ್ಞಾನಿಯ ಬಳಿಗೆ ಕರೆದೊಯ್ದರು. ಅಲ್ಲಿ ಜೇಮ್ಸ್ ವಿಶೇಷ ಹರಳುಗಳ ಮೂಲಕ ಗಾಜಿನ ತುಂಡುಗಳನ್ನು ನೋಡಿದ. ಬರೀ ಗಾಜಿನಲ್ಲಿ ನವಿಲುಗರಿಯಂಥ ಬಣ್ಣಗಳು ಕಂಡವು! ಮನೆಗೆ ಬಂದು ತಾನೇ ಉಪಕರಣ ಮಾಡಿ, ಕಂಡ ಬಣ್ಣಗಳನ್ನು ಜಲವರ್ಣದಲ್ಲಿ ಬರೆದು ನಿಕೋಲ್‌ಗೆ ಕಳಿಸಿದ. ಮೆಚ್ಚಿದ ನಿಕೋಲ್ ತಮ್ಮ ಹರಳುಗಳ ಒಂದು ಜೋಡಿಯನ್ನೇ ಅವನಿಗೆ ಉಡುಗೊರೆಯಾಗಿ ಕೊಟ್ಟರು. ಬಣ್ಣದ ಹುಚ್ಚು ಹಿಡಿದದ್ದು ಆಮೇಲೆ ಬಿಡಲೇ ಇಲ್ಲ.

ಬಣ್ಣದ ಬುಗುರಿ

ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ 1850ರಲ್ಲಿ ಮ್ಯಾಕ್ಸ್‌ವೆಲ್ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಅಲ್ಲಿ 1854ರಲ್ಲಿ ಗಣಿತದ ಕಠಿಣ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಪಡೆದರು. ಆ ಹೊತ್ತಿಗೆ ಅವರ ಮನಸ್ಸು ಒಂದು ಬುಗುರಿಯ ಮೇಲಿತ್ತು. ಪ್ರಾಧ್ಯಾಪಕ ಫೋರ್ಬ್ಸ್ ಜೊತೆ ಎಡಿನ್‌ಬರೊದಲ್ಲಿ ಶುರು ಮಾಡಿದ್ದ ಪ್ರಯೋಗ ಅದು.

ನಮ್ಮ ಕಣ್ಣಿಗೆ ಮೂರೇ ಬಗೆಯ ಬಣ್ಣಗಳು ಮೂಲ, ಉಳಿದವೆಲ್ಲ ಅವುಗಳ ಬೆರಕೆ ಎಂದು ಥಾಮಸ್ ಯಂಗ್ ಎಂಬ ವಿಜ್ಞಾನಿ ಮೊದಲೇ ಊಹಿಸಿದ್ದರು. ಊಹೆ ಸರಿಯೋ ತಪ್ಪೋ? ಅಳೆದು ನೋಡಬೇಕು. ಮ್ಯಾಕ್ಸ್‌ವೆಲ್ ಒಂದು ಚಪ್ಪಟೆ ಬುಗುರಿ ಮಾಡಿಸಿದರು. ಅದರ ಅಂಚಿನ ಸುತ್ತ ನೂರು ಗೆರೆಗಳ ಅಳತೆ. ಮೇಲೆ ಕೆಂಪು, ಹಸಿರು, ನೀಲಿ ಕಾಗದದ ಬಿಲ್ಲೆಗಳು. ಯಾವ ಬಣ್ಣ ಎಷ್ಟು ಭಾಗ ಕಾಣಬೇಕೋ ಅಷ್ಟು ಕಾಣುವಂತೆ ಬಿಲ್ಲೆಗಳನ್ನು ಸರಿಸಬಹುದು. ನಡುವೆ ಕಪ್ಪು ಮತ್ತು ಬಿಳಿಯ ಚಿಕ್ಕ ಬಿಲ್ಲೆಗಳು. ಬುಗುರಿ ಜೋರಾಗಿ ತಿರುಗಿದಾಗ ಬಣ್ಣಗಳು ನಮ್ಮ ಕಣ್ಣಿನಲ್ಲಿ ಬೆರೆತು ಒಂದೇ ಬಣ್ಣವಾಗಿ ಕಾಣುತ್ತವೆ.

ಒಂದು ಪ್ರಯೋಗದಲ್ಲಿ ನೂರರಲ್ಲಿ 37 ಭಾಗ ಕೆಂಪು, 36 ಭಾಗ ಹಸಿರು, 27 ಭಾಗ ನೀಲಿ ಸೇರಿದಾಗ ಬೂದು ಬಣ್ಣ ಕಂಡಿತು. ನಡುವಿನ ಬಿಲ್ಲೆಯಲ್ಲಿ 28 ಭಾಗ ಬಿಳಿ, 72 ಭಾಗ ಕಪ್ಪು ಸೇರಿದಾಗ ಕಂಡದ್ದೂ ಅದೇ ಬೂದು. ಎರಡಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ನೋಡಿದಿರಾ? ಬಣ್ಣಕ್ಕೆ ಈಗ ಸಮೀಕರಣ ಸಿಕ್ಕಿತು! ಈ ಪ್ರಯೋಗಗಳ ಬರಹ 1855ರಲ್ಲಿ ವಿದ್ವಾಂಸರ ಮುಂದೆ ಬಂತು. ಬಣ್ಣದ ಛಾಯಾಚಿತ್ರ ತೆಗೆಯುವುದು ಹೇಗೆ ಎಂಬ ಸೂಚನೆಯೂ ಅದರಲ್ಲೇ ಇತ್ತು.

ಕೆಂಪು ಮತ್ತು ಹಸಿರಿನ ವ್ಯತ್ಯಾಸ ತಿಳಿಯದವರಿಗೂ ಅವರು ಬುಗುರಿ ತೋರಿಸಿದರು. ಅಂಥವರಿಗೆ ಮೂರು ಬಣ್ಣಗಳ ಬದಲು ಎರಡು ಬಣ್ಣಗಳಿಂದಲೇ ಎಲ್ಲ ಬಣ್ಣಗಳನ್ನೂ ಸರಿದೂಗಿಸಲು ಸಾಧ್ಯವಾಯಿತು. ಅಂದರೆ ಬಣ್ಣ ಇರುವುದು ವಸ್ತುವಿನಲ್ಲಿ ಮಾತ್ರವಲ್ಲ, ನೋಡುವ ಕಣ್ಣಿನಲ್ಲೂ ಇದೆ ಎಂದಾಯಿತು.

ನೀವೇ ಮಾಡಿ ನೋಡಿ

ರಟ್ಟಿನಿಂದ ಅಂಗೈ ಅಗಲದ ಒಂದು ವೃತ್ತ ಕತ್ತರಿಸಿ. ಅರ್ಧಕ್ಕೆ ಗಾಢ ನೀಲಿ, ಇನ್ನರ್ಧಕ್ಕೆ ಹಳದಿ ಬಣ್ಣ ಬಳಿಯಿರಿ. ನಡುವೆ ಎರಡು ತೂತು ಮಾಡಿ ದಾರ ಪೋಣಿಸಿ, ಎರಡೂ ತುದಿ ಹಿಡಿದು ಹುರಿ ಮಾಡಿ ಎಳೆಯಿರಿ. ವೃತ್ತ ಗಿರ್ರನೆ ತಿರುಗುತ್ತದೆ. ಯಾವ ಬಣ್ಣ ಕಾಣುತ್ತದೆ? ನೀಲಿಗೆ ಹಳದಿ ಸೇರಿದರೆ ಹಸಿರು ಎಂದು ನೀವು ಹೇಳಬಹುದು. ಆದರೆ ಹಸಿರು ಕಾಣುವುದಿಲ್ಲ! ಬೂದಿಗೆ ಹತ್ತಿರದ ಬಣ್ಣ ಕಾಣುತ್ತದೆ.

ಏಕೆ? ಬಟ್ಟಲಿನಲ್ಲಿ ಬಣ್ಣಗಳನ್ನು ಕಲಸಿದಾಗ ಒಂದೊಂದು ಬಣ್ಣವೂ ಬೆಳಕಿನ ಒಂದೊಂದು ಭಾಗವನ್ನು ನುಂಗುತ್ತದೆ. ಇಬ್ಬರೂ ನುಂಗದೆ ಬಿಟ್ಟದ್ದು ಹಸಿರು. ತಿರುಗುವ ಬಿಲ್ಲೆಯಲ್ಲಿ ಹಾಗಲ್ಲ. ಅಲ್ಲಿ ಬೆಳಕಿಗೆ ಬೆಳಕು ಕೂಡಿಕೊಳ್ಳುತ್ತದೆ. ಹಳದಿಯಲ್ಲಿ ಕೆಂಪು, ಹಸಿರು ಎರಡೂ ಇವೆ. ಅದಕ್ಕೆ ನೀಲಿ ಕೂಡಿದರೆ ಮೂರೂ ಬಂದಂತಾಯಿತು. ಮೂರೂ ಸರಿಯಾಗಿ ಸೇರಿದರೆ ಬಿಳಿ ಅಥವಾ ಬೂದು. ಫೋನಿನ ಪರದೆಯೂ ಬೆಳಕಿನಿಂದಲೇ ಚಿತ್ರ ಬರೆಯುತ್ತದೆ. ಆದ್ದರಿಂದ ಅಲ್ಲಿ ನಡೆಯುವುದು ಬಟ್ಟಲಿನ ಲೆಕ್ಕವಲ್ಲ, ಬುಗುರಿಯ ಲೆಕ್ಕ.

ಶವಪೆಟ್ಟಿಗೆಯಲ್ಲ, ಬಣ್ಣದ ಪೆಟ್ಟಿಗೆ

1856ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಮ್ಯಾಕ್ಸ್‌ವೆಲ್ ಅಬರ್ಡೀನ್ ನಗರದ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಶನಿಗ್ರಹದ ಬಳೆಗಳು ಇಡಿಯಾದ ತಟ್ಟೆಗಳಲ್ಲ, ಲೆಕ್ಕವಿಲ್ಲದಷ್ಟು ಚೂರುಗಳ ಗುಂಪು ಎಂದು ಅವರು ಗಣಿತದಿಂದ ತೋರಿಸಿದ್ದು ಆ ದಿನಗಳಲ್ಲೇ. 1858ರಲ್ಲಿ ಕ್ಯಾಥರೀನ್ ಅವರನ್ನು ಮದುವೆಯಾದರು. 1860ರಲ್ಲಿ ಎರಡು ಕಾಲೇಜುಗಳನ್ನು ಒಂದು ಮಾಡಿದಾಗ ಮ್ಯಾಕ್ಸ್‌ವೆಲ್ ಕೆಲಸ ಕಳೆದುಕೊಂಡರು. ಅದೇ ವರ್ಷ ಅವರಿಗೆ ಸಿಡುಬು ತಗುಲಿತು. ಉಳಿಯುವುದೇ ಕಷ್ಟವಾಗಿತ್ತು. ಹಗಲು ರಾತ್ರಿ ಆರೈಕೆ ಮಾಡಿ ಬದುಕಿಸಿದವರು ಕ್ಯಾಥರೀನ್. ಆಮೇಲೆ ಅವರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಕೆಲಸ ಶುರು ಮಾಡಿದರು.

ಲಂಡನ್ನಿನ ಮನೆಯ ಅಟ್ಟದ ಮೇಲೆ ಅವರು ಒಂದು ಉದ್ದನೆಯ ಪೆಟ್ಟಿಗೆ ಇಟ್ಟಿದ್ದರು. ಸೂರ್ಯನ ಬೆಳಕನ್ನು ಪಟ್ಟಕದಿಂದ ಬಿಡಿಸಿ, ಬೇಕಾದ ಮೂರು ಬಣ್ಣಗಳನ್ನು ಮಾತ್ರ ಆರಿಸಿ ಬೆರೆಸುವ ಪೆಟ್ಟಿಗೆ ಅದು. ಗಂಡ ಹೆಂಡತಿ ಇಬ್ಬರೂ ಗಂಟೆಗಟ್ಟಲೆ ಅದರೊಳಗೆ ಇಣುಕುತ್ತಿದ್ದರು. ಇವರು ಶವಪೆಟ್ಟಿಗೆಯೊಳಗೆ ಏನು ನೋಡುತ್ತಾರೋ, ಹುಚ್ಚರಿರಬೇಕು ಎಂದು ನೆರೆಮನೆಯವರು ಅಂದುಕೊಂಡಿದ್ದರಂತೆ! ಬಣ್ಣಗಳನ್ನು ಕುರಿತ ಮ್ಯಾಕ್ಸ್‌ವೆಲ್ ಅವರ ಬರಹದಲ್ಲಿ ಕ್ಯಾಥರೀನ್ ಅಳೆದ ಅಂಕಿಗಳೂ ಇವೆ. ಇಬ್ಬರ ಅಂಕಿಗಳಲ್ಲಿ ಸಣ್ಣ ವ್ಯತ್ಯಾಸವಿತ್ತು. ಅದನ್ನು ಮುಚ್ಚಿಡದೆ ಇದ್ದದ್ದನ್ನು ಇದ್ದಂತೆ ಬರೆದರು. ಈ ಕೆಲಸಕ್ಕಾಗಿ 1860ರಲ್ಲಿ ಮ್ಯಾಕ್ಸ್‌ವೆಲ್ ಅವರಿಗೆ ಲಂಡನ್ನಿನ ರಾಯಲ್ ಸೊಸೈಟಿ ರಮ್‌ಫೋರ್ಡ್ ಪದಕ ನೀಡಿತು.

ಚೌಕಳಿ ಪಟ್ಟಿಯ ಫೋಟೊ

1861ರ ಮೇ 17ರ ಸಂಜೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಮ್ಯಾಕ್ಸ್‌ವೆಲ್ ಅವರ ಉಪನ್ಯಾಸ. ಆಗ ಫೋಟೊ ಎಂದರೆ ಒಂದೇ ಬಣ್ಣದ ನೆರಳು ಬೆಳಕಿನ ಚಿತ್ರ. ಬಣ್ಣ ಬೇಕಾದರೆ ಕುಂಚದಿಂದ ಬಳಿಯಬೇಕಿತ್ತು.

ಛಾಯಾಗ್ರಾಹಕ ಥಾಮಸ್ ಸಟನ್ ಅವರು ಮೊದಲೇ ಸ್ಕಾಟ್ಲೆಂಡಿನ ಬಣ್ಣದ ಚೌಕಳಿ ಬಟ್ಟೆಯ ಪಟ್ಟಿಯೊಂದರ ಮೂರು ಫೋಟೊ ತೆಗೆದಿದ್ದರು. ಒಂದನ್ನು ಕೆಂಪು ದ್ರಾವಣ ತುಂಬಿದ ಗಾಜಿನ ತೊಟ್ಟಿಯ ಮೂಲಕ, ಇನ್ನೊಂದನ್ನು ಹಸಿರು ದ್ರಾವಣದ ಮೂಲಕ, ಮತ್ತೊಂದನ್ನು ನೀಲಿ ದ್ರಾವಣದ ಮೂಲಕ. ಮೂರೂ ಗಾಜಿನ ಫಲಕಗಳಲ್ಲಿ ಮೂಡಿದ್ದು ಕಪ್ಪು ಬಿಳುಪಿನ ಚಿತ್ರವೇ. ಆದರೆ ಒಂದರಂತೆ ಇನ್ನೊಂದಿರಲಿಲ್ಲ. ಪಟ್ಟಿಯಲ್ಲಿ ಕೆಂಪು ಇದ್ದ ಕಡೆ ಮೊದಲ ಫಲಕ ಬೆಳ್ಳಗೆ, ಮೂರನೆಯ ಫಲಕ ಕಪ್ಪಗೆ.

ಮ್ಯಾಕ್ಸ್‌ವೆಲ್ ಮೂರು ಫಲಕಗಳನ್ನು ಮೂರು ದೀಪಯಂತ್ರಗಳಲ್ಲಿ ಇಟ್ಟರು. ಪ್ರತಿಯೊಂದರ ಮುಂದೆ ಅದದೇ ಬಣ್ಣದ ದ್ರಾವಣ. ಮೂರು ಬೆಳಕುಗಳನ್ನೂ ಪರದೆಯ ಮೇಲೆ ಒಂದರ ಮೇಲೊಂದು ಸರಿಯಾಗಿ ಬೀಳಿಸಿದರು. ಆಹಾ! ಬಣ್ಣದ ಪಟ್ಟಿ ಪರದೆಯ ಮೇಲೆ ಮೂಡಿತು. ಅದೇ ಈ ವಿಧಾನದಿಂದ ಜಗತ್ತು ಕಂಡ ಮೊದಲ ಬಣ್ಣದ ಛಾಯಾಚಿತ್ರ.

ಬಣ್ಣ ಚೆನ್ನಾಗಿ ಬಂತೆಂದು ಅವರು ಕೊಚ್ಚಿಕೊಳ್ಳಲಿಲ್ಲ. ನೀಲಿಯ ಚಿತ್ರ ಮೂಡಿದಷ್ಟು ಚೆನ್ನಾಗಿ ಕೆಂಪು, ಹಸಿರಿನ ಚಿತ್ರಗಳು ಮೂಡಿಲ್ಲ, ಆದ್ದರಿಂದ ಬಣ್ಣ ಪೂರ್ತಿ ನಿಜವಲ್ಲ ಎಂದು ತಾವೇ ಹೇಳಿದರು. ಈ ಮಾತನ್ನು ನೆನಪಿಡಿ. ಮತ್ತೆ ಇಲ್ಲಿಗೆ ಬರೋಣ.

ನಿಮ್ಮ ಫೋಟೊದೊಳಗೂ ಮೂರು ಬಣ್ಣ

ಇಂದಿನ ಡಿಜಿಟಲ್ ಕ್ಯಾಮೆರಾದ ಒಳಗೆ ಬೆಳಕು ಬೀಳುವ ಚಿಪ್ ಇದೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕೆಂಪು, ಹಸಿರು, ನೀಲಿ ಸೋಸುಗಗಳ ಹಾಸು. ಹಸಿರು ಎರಡು, ಕೆಂಪು ಒಂದು, ನೀಲಿ ಒಂದು. ಹೀಗೆ ನಾಲ್ಕು ನಾಲ್ಕರ ಜೋಡಣೆ. ಇದನ್ನು ರೂಪಿಸಿದ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ದೊರೆಯಿತು. ಸಟನ್ ಬಳಸಿದ ಮೂರು ತೊಟ್ಟಿಗಳೇ ಈಗ ಉಗುರಿಗಿಂತ ಚಿಕ್ಕ ಚಿಪ್ಪಿನ ಮೇಲೆ ಕುಳಿತಿವೆ ಎನ್ನಬಹುದು.

ಫೋಟೊದ ಒಂದೊಂದು ಚುಕ್ಕೆಗೂ ಪಿಕ್ಸೆಲ್ ಎಂದು ಹೆಸರು. ಪ್ರತಿ ಪಿಕ್ಸೆಲ್‌ಗೆ ಸಾಮಾನ್ಯವಾಗಿ ಮೂರು ಅಂಕಿಗಳು: ಕೆಂಪು, ಹಸಿರು, ನೀಲಿ. ಒಂದೊಂದೂ 0ಯಿಂದ 255ರವರೆಗೆ. ಮೂರೂ 0 ಆದರೆ ಕಪ್ಪು. ಮೂರೂ 255 ಆದರೆ ಬಿಳಿ. ಮೂರೂ ಸಮನಾಗಿ ನಡುವೆ ಇದ್ದರೆ ಬೂದು. ಮ್ಯಾಕ್ಸ್‌ವೆಲ್ ಬುಗುರಿಯ ಬೂದು ನೆನಪಾಯಿತೇ? 256ನ್ನು ಮೂರು ಸಲ ಗುಣಿಸಿ ನೋಡಿ. 1 ಕೋಟಿ 67 ಲಕ್ಷಕ್ಕೂ ಹೆಚ್ಚು ಬಣ್ಣಗಳು! ಫೋಟೊ ತಿದ್ದುವುದು ಎಂದರೆ ಈ ಅಂಕಿಗಳನ್ನು ಕೂಡುವುದು, ಕಳೆಯುವುದು, ಗುಣಿಸುವುದು. ಈಗ ಉಪಾಯಗಳನ್ನು ನೋಡೋಣ.

1. ಮೊದಲು ನಕಲು ಮಾಡಿ. ಮೂಲ ಫೋಟೊವನ್ನು ಹಾಗೇ ಇಟ್ಟು ಅದರ ನಕಲನ್ನು ಮಾತ್ರ ತಿದ್ದಿ. ಕಾರಣ ಎರಡನೆಯ ಉಪಾಯದಲ್ಲಿದೆ.

2. ಬೆಳಕು ಹೆಚ್ಚಿಸುವಾಗ ಎಚ್ಚರ. ಕತ್ತಲಲ್ಲಿರುವ ಮುಖದ ಒಂದು ಪಿಕ್ಸೆಲ್ 60, 40, 30 ಎಂದಿರಲಿ. ಮೂರಕ್ಕೂ 50 ಕೂಡಿದರೆ 110, 90, 80. ಮುಖ ಕಾಣಿಸಿತು. ಆದರೆ ಅದೇ ಫೋಟೊದಲ್ಲಿ ದೀಪದ ಬಳಿಯ ಪಿಕ್ಸೆಲ್ 240, 235, 220 ಇದೆ. 50 ಕೂಡಿದರೆ 290, 285, 270 ಆಗಬೇಕು. 255ಕ್ಕಿಂತ ಹೆಚ್ಚು ಹಿಡಿಯುವುದಿಲ್ಲವಲ್ಲ! ಮೂರೂ 255ಕ್ಕೆ ನಿಂತು ಬರೀ ಬಿಳಿಯಾಗುತ್ತದೆ. ಆ ಫೋಟೊವನ್ನು ಹಾಗೇ ಉಳಿಸಿ, ಆಮೇಲೆ 50 ಕಳೆದರೆ ಬರುವುದು 205, 205, 205. ಹಳೆಯ ಬಣ್ಣ ಹೋದದ್ದು ಹೋಯಿತು. ಆದ್ದರಿಂದ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಸಾಧ್ಯವಿದ್ದರೆ ಕತ್ತಲಿನ ಭಾಗವನ್ನು ಮಾತ್ರ ಆರಿಸಿಕೊಂಡು ಹೆಚ್ಚಿಸಿ.

3. ಬಿಳಿಯನ್ನು ಬಿಳಿ ಮಾಡಿ. ಬಲ್ಬಿನ ಬೆಳಕಿನಲ್ಲಿ ಬಿಳಿ ಅಂಗಿಯ ಅಂಕಿಗಳು 250, 220, 170 ಎಂದು ಬಂದಿವೆ. ನೀಲಿ ಕಡಿಮೆ, ಅದಕ್ಕೇ ಹಳದಿ ಛಾಯೆ. ಕೆಂಪನ್ನು ತಗ್ಗಿಸಿ, ನೀಲಿಯನ್ನು ಏರಿಸಿ ಮೂರನ್ನೂ 220ರ ಹತ್ತಿರ ತಂದರೆ ಅಂಗಿಯ ಹಳದಿ ಹೋಗುತ್ತದೆ. ಅದೇ ಪ್ರಮಾಣದಲ್ಲಿ ಇಡೀ ಫೋಟೊ ಸರಿಹೋಗುತ್ತದೆ. ಇದಕ್ಕೆ ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ಫೋಟೊದಲ್ಲಿ ನಿಜವಾಗಿಯೂ ಬಿಳಿ ಅಥವಾ ಬೂದು ಇರುವ ವಸ್ತುವೊಂದನ್ನು ಹುಡುಕಿಕೊಳ್ಳುವುದೇ ಇದರ ಕೀಲಿಕೈ. ಮ್ಯಾಕ್ಸ್‌ವೆಲ್ ಮಾಡಿದ್ದೂ ಅದನ್ನೇ.

4. ಬಣ್ಣಕ್ಕೆ ಮಿತಿ ಇರಲಿ. ಸ್ಯಾಚುರೇಶನ್ ಎಂಬ ಗುಂಡಿ ಮೂರು ಅಂಕಿಗಳ ನಡುವಿನ ಅಂತರವನ್ನು ಹಿಗ್ಗಿಸುತ್ತದೆ. ಮಿತಿಮೀರಿದರೆ ಗದ್ದೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಪೂರ್ತಿ ತಗ್ಗಿಸಿದರೆ ಮೂರೂ ಸಮವಾಗಿ ಕಪ್ಪು ಬಿಳುಪಿನ ಚಿತ್ರವಾಗುತ್ತದೆ.

5. ಕತ್ತರಿಸುವ ಮುನ್ನ ಎಣಿಸಿ. ಅಡ್ಡ 4,000, ಉದ್ದ 3,000 ಪಿಕ್ಸೆಲ್ ಇರುವ ಫೋಟೊದಲ್ಲಿ ಒಟ್ಟು 1 ಕೋಟಿ 20 ಲಕ್ಷ ಪಿಕ್ಸೆಲ್. ಅಡ್ಡ, ಉದ್ದ ಎರಡನ್ನೂ ಅರ್ಧ ಮಾಡಿ ಕತ್ತರಿಸಿದರೆ ಉಳಿಯುವುದು 30 ಲಕ್ಷ, ಅಂದರೆ ಕಾಲು ಭಾಗ ಮಾತ್ರ. ಅದನ್ನು ದೊಡ್ಡದಾಗಿ ಮುದ್ರಿಸಿದರೆ ಚಿತ್ರ ಒಡೆದಂತೆ ಕಾಣುತ್ತದೆ.

6. ಕೆಂಪು ಕಣ್ಣಿಗೆ ಹೆದರಬೇಡಿ. ಕ್ಯಾಮೆರಾದ ಫ್ಲ್ಯಾಶ್ ಬೆಳಕು ಕಣ್ಣಿನ ಪಾಪೆಯ ಮೂಲಕ ಒಳಹೋಗಿ, ಹಿಂಭಾಗದ ರಕ್ತನಾಳಗಳಿಂದ ಕೆಂಪಾಗಿ ಹಿಂತಿರುಗುತ್ತದೆ. ಆ ಚಿಕ್ಕ ವೃತ್ತದಲ್ಲಿ ಕೆಂಪಿನ ಅಂಕಿಯನ್ನು ಮಾತ್ರ ತಗ್ಗಿಸಿದರೆ ಸಾಕು.

7. ಕಲೆ ತೆಗೆಯುವುದು ಎಂದರೆ ಊಹಿಸುವುದು. ಅಜ್ಜಿಯ ಹಳೆಯ ಫೋಟೊದ ಮೇಲೆ ಗೀರು ಬಿದ್ದಿದೆ ಎನ್ನಿ. ಅದನ್ನು ಅಳಿಸುವಾಗ ಕಂಪ್ಯೂಟರ್ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ ಅಂಥದ್ದನ್ನೇ ತುಂಬುತ್ತದೆ. ಗೀರಿನ ಕೆಳಗೆ ನಿಜವಾಗಿ ಏನಿತ್ತೋ ಅದಕ್ಕೆ ತಿಳಿಯದು. ಗೋಡೆ, ಆಕಾಶವಾದರೆ ಪರವಾಗಿಲ್ಲ. ಅಜ್ಜಿಯ ಕಣ್ಣಿನ ಮೇಲೆ ಗೀರು ಬಿದ್ದಿದ್ದರೆ, ತಿದ್ದಿದ ಮೇಲೆ ಕಾಣುವುದು ಅಜ್ಜಿಯ ಕಣ್ಣಲ್ಲ, ಕಂಪ್ಯೂಟರಿನ ಊಹೆ.

ನೂರು ವರ್ಷಗಳ ಮೇಲೆ ಬಯಲಾದ ಗುಟ್ಟು

ಈಗ ಚೌಕಳಿ ಪಟ್ಟಿಗೆ ಮರಳೋಣ. 1861ರಲ್ಲಿ ಬಳಸುತ್ತಿದ್ದ ಫೋಟೊ ಫಲಕಗಳಿಗೆ ನೀಲಿ ಬೆಳಕು ಚೆನ್ನಾಗಿ ತಿಳಿಯುತ್ತಿತ್ತು. ಹಸಿರು ತಿಳಿಯುವುದು ತೀರಾ ಕಷ್ಟ. ಕೆಂಪು ತಿಳಿಯುತ್ತಲೇ ಇರಲಿಲ್ಲ. ಹಾಗಿದ್ದರೆ ಕೆಂಪು ತೊಟ್ಟಿಯ ಹಿಂದಿನ ಫಲಕದಲ್ಲಿ ಚಿತ್ರ ಮೂಡಿದ್ದು ಹೇಗೆ? ಇದು ಬಹಳ ಕಾಲ ಒಗಟಾಗಿಯೇ ಉಳಿದಿತ್ತು.

ಸರಿಯಾಗಿ ನೂರು ವರ್ಷದ ಮೇಲೆ, 1961ರಲ್ಲಿ, ಕೊಡಕ್ ಸಂಸ್ಥೆಯ ರಾಲ್ಫ್ ಇವಾನ್ಸ್ ಮತ್ತು ಸಂಗಡಿಗರು ಪ್ರಯೋಗವನ್ನು ಮತ್ತೆ ಮಾಡಿ ನೋಡಿದರು. ಗುಟ್ಟು ಬಯಲಾಯಿತು. ಆ ಕೆಂಪು ದ್ರಾವಣವು ಕೆಂಪು ಬೆಳಕಿನ ಜೊತೆಗೆ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನೂ ಒಳಗೆ ಬಿಡುತ್ತಿತ್ತು. ಬಟ್ಟೆಯ ಕೆಲವು ಕೆಂಪು ಬಣ್ಣಗಳು ಆ ಕಿರಣಗಳನ್ನು ಹಿಂದಕ್ಕೆ ಕಳಿಸುತ್ತವೆ. ಫಲಕ ಹಿಡಿದದ್ದು ಕೆಂಪನ್ನಲ್ಲ, ನೇರಳಾತೀತವನ್ನು! ಅದೃಷ್ಟದಿಂದ ಅದು ಕೆಂಪಿನ ಜಾಗದಲ್ಲೇ ಬಿದ್ದಿತ್ತು.

ಹಾಗಾದರೆ ಮ್ಯಾಕ್ಸ್‌ವೆಲ್ ತಪ್ಪಿದರೇ? ಅವರ ನಿಯಮ ಸರಿಯಾಗಿತ್ತು. ಫಲಕಗಳು ಮಾತ್ರ ಅದಕ್ಕೆ ತಕ್ಕವಾಗಿರಲಿಲ್ಲ. ತಮ್ಮ ಚಿತ್ರದಲ್ಲಿ ಕೊರತೆ ಇದೆ ಎಂದು ಅವರೇ ಅಂದೇ ಹೇಳಿ, ಬರೆದಿಟ್ಟಿದ್ದರು. ಹೇಗೆ ಮಾಡಿದೆವು ಎಂಬುದೂ ಬರಹದಲ್ಲಿ ಇತ್ತು, ಫಲಕಗಳೂ ಉಳಿದಿದ್ದವು. ಅದರಿಂದಲೇ ನೂರು ವರ್ಷದ ಮೇಲೆ ಬೇರೆಯವರು ಪರೀಕ್ಷಿಸಿ ನಿಜ ತಿಳಿಯಲು ಸಾಧ್ಯವಾಯಿತು.

ಫೋಟೊ ತಿದ್ದುವವರಿಗೆ ಇದಕ್ಕಿಂತ ದೊಡ್ಡ ಉಪಾಯ ಬೇರೆ ಇಲ್ಲ. ಮೂಲವನ್ನು ಉಳಿಸಿ, ಏನು ತಿದ್ದಿದಿರೆಂದು ಹೇಳಿ. ಬಲ್ಬಿನ ಹಳದಿಯನ್ನು ತೆಗೆಯುವುದು ಅಂಗಿಯನ್ನು ಅದರ ನಿಜ ಬಣ್ಣಕ್ಕೆ ತರುವ ಕೆಲಸ. ಆದರೆ ಫೋಟೊದಲ್ಲಿದ್ದ ಒಬ್ಬನನ್ನು ಅಳಿಸುವುದು, ಇಲ್ಲದವನನ್ನು ಸೇರಿಸುವುದು, ನಡೆಯದ ಸಂಗತಿ ನಡೆದಂತೆ ತೋರಿಸುವುದು ಮೋಸ. ಮುಖವನ್ನು ಬೆಳ್ಳಗೆ ಮಾಡುವ ಗುಂಡಿಯೂ ಕೆಲವು ಫೋನುಗಳಲ್ಲಿದೆ. ಅದು ಮಾಡುವುದು ಮೂರು ಅಂಕಿಗಳನ್ನು ಹೆಚ್ಚಿಸುವುದಷ್ಟೇ. ನಿಮ್ಮ ಗೆಳತಿಯ ಮುಖದ ಅಂಕಿಗಳು 110, 90, 80 ಆಗಿದ್ದರೆ ಅದರಲ್ಲಿ ತಿದ್ದಬೇಕಾದ ತಪ್ಪೇನಿದೆ? ಅವಳನ್ನು ಕೇಳದೆ ಅವಳ ಮುಖವನ್ನು ಬದಲಿಸುವ ಹಕ್ಕು ಯಾರಿಗೂ ಇಲ್ಲ.

ಬೆಳಕೆಂದರೇನು ಎಂದು ಹೇಳಿದವರು

ಮ್ಯಾಕ್ಸ್‌ವೆಲ್ ಬಣ್ಣಕ್ಕೇ ನಿಲ್ಲಲಿಲ್ಲ. ವಿದ್ಯುತ್ತು ಮತ್ತು ಕಾಂತತೆ ಜೊತೆಗೂಡಿ ಅಲೆಯಾಗಿ ಸಾಗುತ್ತವೆ, ಬೆಳಕು ಅಂಥದ್ದೇ ಒಂದು ಅಲೆ ಎಂದು ಲೆಕ್ಕದಿಂದ ತೋರಿಸಿದರು. ಅದು 1865ರಲ್ಲಿ ಪ್ರಕಟವಾಯಿತು. ರೇಡಿಯೊ, ಟಿ.ವಿ., ಮೊಬೈಲ್ ಎಲ್ಲವೂ ಈ ತಿಳಿವಿನ ಮೇಲೆ ನಿಂತಿವೆ. ನೀವು ಫೋಟೊವನ್ನು ಒಂದು ಫೋನಿನಿಂದ ಇನ್ನೊಂದಕ್ಕೆ ಕಳಿಸಿದಾಗ ಗಾಳಿಯಲ್ಲಿ ಅದನ್ನು ಹೊತ್ತೊಯ್ಯುವುದೂ ಅಂಥ ಅಲೆಗಳೇ.

1871ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಅಲ್ಲಿನ ಹೆಸರಾಂತ ಕ್ಯಾವೆಂಡಿಷ್ ಪ್ರಯೋಗಾಲಯವನ್ನು ಕಟ್ಟಿಸಿ ನಡೆಸಿದವರು ಮ್ಯಾಕ್ಸ್‌ವೆಲ್. ಅದು 1874ರಲ್ಲಿ ತೆರೆಯಿತು. ಐದು ವರ್ಷ ಕಳೆಯುವುದರೊಳಗೆ, ತಾಯಿಯನ್ನು ಕೊಂದ ರೋಗವೇ ಮಗನನ್ನೂ ಹಿಡಿಯಿತು. 1879ರ ನವೆಂಬರ್ 5ರಂದು ಅವರು ತೀರಿಕೊಂಡರು. ವಯಸ್ಸು 48. ಗ್ಲೆನ್ಲೇರ್ ಬಳಿಯ ಪಾರ್ಟನ್ ಎಂಬ ಹಳ್ಳಿಯಲ್ಲಿ ಅವರ ಸಮಾಧಿ ಇದೆ. ಎಡಿನ್‌ಬರೊದಲ್ಲಿ ಅವರು ಹುಟ್ಟಿದ ಮನೆ ಈಗ ಚಿಕ್ಕದೊಂದು ವಸ್ತುಸಂಗ್ರಹಾಲಯ.

ಮಕ್ಕಳೇ, ಈ ದಿನ ಮನೆಗೆ ಹೋದಮೇಲೆ ಒಂದು ಕೆಲಸ ಮಾಡಿ. ದೊಡ್ಡವರನ್ನು ಕೇಳಿ, ಮೊಬೈಲ್ ಫೋನಿನ ಪರದೆಯಲ್ಲಿ ಬಿಳಿ ಬಣ್ಣ ಬರುವಂತೆ ಮಾಡಿಸಿಕೊಳ್ಳಿ. ಅದರ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ನೀರಿನ ಹನಿ ಇಟ್ಟು ಹತ್ತಿರದಿಂದ ನೋಡಿ. ಹನಿ ಮಸೂರದಂತೆ ಕೆಲಸ ಮಾಡುತ್ತದೆ. ಬಿಳಿಯ ಒಳಗೆ ಕೆಂಪು, ಹಸಿರು, ನೀಲಿ ಚುಕ್ಕೆಗಳು ಕಾಣುತ್ತವೆ. ನೋಡಿದ ಮೇಲೆ ಪರದೆಯನ್ನು ಒಣಬಟ್ಟೆಯಿಂದ ಒರೆಸುವುದನ್ನು ಮರೆಯಬೇಡಿ. ಆಮೇಲೆ ನಿಮ್ಮ ತಮ್ಮನಿಗೋ ತಂಗಿಗೋ ತೋರಿಸಿ. ಇದು ಬಿಳಿ ಎಂದು ಗೊತ್ತಾಗುವುದು ಹೇಗೆ ಎಂದು ಅವರು ಕೇಳಿದರೆ ಗದರಬೇಡಿ. ಅದು ಗ್ಲೆನ್ಲೇರ್ ಹುಡುಗ ಕೇಳಿದ ಪ್ರಶ್ನೆ.